ಅಪ್ಪ ಬಚ್ಚಲೊಲೆಗೆ ಪ್ಲಾಸ್ಟಿಕ್ ತೊಟ್ಟೆ ಹಾಕಿ ಸುಡುದನ್ನು ಬಿಡಿಸುದು ಹೇಗೆ?

ಕಾರ್ಕಳ_ಕಡೆಯವಳು:

ಎಲ್ಲರಿಗೂ ನಮಸ್ಕಾರ. ಕೆಲವರಿಗೆ ಇದು ಸಣ್ಣ ವಿಷಯ ಅಂತ ಅನ್ನಿಸ್ಬಹುದು, ಆದ್ರೆ ಇದೇ ವಿಷಯಕ್ಕೆ ಮೂರು ವಾರದಿಂದ ಅಪ್ಪ ನನ್ನ ಹತ್ರ ಸರಿ ಮಾತಾಡ್ತಾ ಇಲ್ಲ, ಫೋನ್ ಮಾಡಿದ್ರೆ "ಅಮ್ಮನಿಗೆ ಕೊಡ್ತೇನೆ" ಅಂತ ಕೊಟ್ಟು ಹೋಗ್ತಾರೆ. ಅದಕ್ಕೇ ಇಲ್ಲಿ ಕೇಳ್ತಾ ಇದ್ದೇನೆ.

ನಮ್ಮ ಮನೆ ಕಾರ್ಕಳ ಹತ್ರ. ಅಪ್ಪ ಅಮ್ಮ ಇಬ್ರೇ ಇರುದು, ನಾನು ಗಂಡ ಮಗ ಮಂಗಳೂರಲ್ಲಿ ಬಾಡಿಗೆ ಫ್ಲ್ಯಾಟಲ್ಲಿ. ಎರಡು ವಾರಕ್ಕೊಮ್ಮೆ ಶನಿವಾರ ಊರಿಗೆ ಹೋಗ್ತೇವೆ. ಬಚ್ಚಲಲ್ಲಿ ಹಂಡೆ ಉಂಟು, ಗೀಸರ್ ನಾನೇ ಹಾಕಿಸಿ ಕೊಟ್ಟಿದ್ದೇನೆ ಆದ್ರೆ ಅಪ್ಪನಿಗೆ ಹಂಡೆ ನೀರೇ ಆಗ್ಬೇಕು. ಅದಕ್ಕೆ ನನ್ನದೇನೂ ತಕರಾರಿಲ್ಲ, ಮಡಲು ಗೆರಟೆ ಸಿಪ್ಪೆ ಎಲ್ಲ ತೋಟದ್ದೇ ಉಂಟು, ಆ ನೀರಲ್ಲಿ ಮಿಂದ ಸುಖ ಗೀಸರಲ್ಲಿ ಇಲ್ಲ ಅಂತ ನನಗೂ ಗೊತ್ತುಂಟು. ತಕರಾರು ಇರುದು ಒಲೆ ಹೊತ್ತಿಸುದಕ್ಕೆ. ಹಾಲಿನ ತೊಟ್ಟೆ, ಬಿಸ್ಕೆಟ್ ಪ್ಯಾಕೆಟ್, ಅಂಗಡಿಯ ತೊಟ್ಟೆ, ನನ್ನ ಮಗನ ಚಿಪ್ಸಿನ ಪ್ಯಾಕೆಟ್ ಎಲ್ಲ ಒಂದು ಹಳೆ ಬಕೆಟಲ್ಲಿ ಜೋಪಾನವಾಗಿ ಒಟ್ಟು ಮಾಡಿ ಇಟ್ಟು ಬೆಳಿಗ್ಗೆ ಐದೂವರೆಗೆ ಒಲೆಗೆ ಹಾಕುದು. ಆ ಕಪ್ಪು ಹೊಗೆ ನೇರ ನಾವು ಮಲಗುವ ಕೋಣೆ ಕಿಟಕಿಗೆ ಬರ್ತದೆ.

ಮಗನಿಗೆ ಐದು ವರ್ಷ, ಸ್ವಲ್ಪ ವೀಸಿಂಗ್ ಉಂಟು, ಇನ್‌ಹೇಲರ್ ಪಂಪ್ ತಗೊಳ್ತಾನೆ. ಊರಿಗೆ ಹೋದ ಮರುದಿನ ಕೆಮ್ಮು ಗ್ಯಾರಂಟಿ.

ನಾನು ಮಾಡದ ಪ್ರಯತ್ನ ಇಲ್ಲ. ವಾಟ್ಸಾಪಲ್ಲಿ ವಿಡಿಯೊ ಕಳಿಸಿದೆ, ಕ್ಯಾನ್ಸರ್ ಬರ್ತದೆ ಅಂತ ಪೇಪರಲ್ಲಿ ಬಂದದ್ದನ್ನು ಕತ್ತರಿಸಿ ಓದಿ ಹೇಳಿದೆ, ಬಕೆಟನ್ನೇ ಅಡಗಿಸಿ ಇಟ್ಟೆ, ಒಮ್ಮೆ ಎಲ್ಲ ತೊಟ್ಟೆ ಕಾರಲ್ಲಿ ಹಾಕ್ಕೊಂಡು ಮಂಗಳೂರಿಗೆ ತಂದೆ. ಕೊನೆಗೆ ಕಳೆದ ಸಲ ಬೆಳಿಗ್ಗೆ ಮಗ ಕೆಮ್ಮಿ ಕೆಮ್ಮಿ ಎದ್ದಾಗ ನನಗೆ ತಡ್ಕೊಳ್ಳಿಕ್ಕೆ ಆಗ್ಲಿಲ್ಲ, ಬಚ್ಚಲ ಬಾಗಿಲಲ್ಲಿ ನಿಂತು ಬೊಬ್ಬೆ ಹಾಕಿದೆ, "ನಿಮಗೆ ಮೊಮ್ಮಗನಿಗಿಂತ ತೊಟ್ಟೆ ದೊಡ್ಡದಾ" ಅಂತ ಕೇಳಿಬಿಟ್ಟೆ. ಅಪ್ಪ ಎದ್ದು ನಿಂತು ಒಂದೇ ಮಾತು ಹೇಳಿದ್ರು, "ನಿನ್ನನ್ನು ಸಾಕಿದ್ದೂ ಇದೇ ಹೊಗೆಯಲ್ಲಿ." ಅಷ್ಟೆ. ಮತ್ತೆ ಮಾತಿಲ್ಲ.

ಅಪ್ಪ ಹಠದವರಲ್ಲ. 40 ವರ್ಷ ಸೇದಿದ ಬೀಡಿ ಒಂದೇ ದಿನಕ್ಕೆ ಬಿಟ್ಟವರು. ಮತ್ತೆ ಇದು ಮಾತ್ರ ಯಾಕೆ ತಲೆಗೆ ಹೋಗುದಿಲ್ಲ? ಯಾರ ಮನೆಯಲ್ಲಾದ್ರೂ ಹೀಗೆ ಇದ್ದು ಬಿಡಿಸಿದವರಿದ್ರೆ ದಯವಿಟ್ಟು ಹೇಳಿ.

ಬಂದರು_ರಸ್ತೆ:

ಅಕ್ಕ, ಕಾನೂನು ಉಂಟಲ್ಲ ಅದನ್ನು ಹೇಳಿ. 2016ರ ಘನತ್ಯಾಜ್ಯ ನಿಯಮದಲ್ಲೇ ಕಸ ಸುಡ್ಬಾರ್ದು ಅಂತ ಬಂದಿದೆ, ಅದೇ ವರ್ಷ ಡಿಸೆಂಬರಲ್ಲಿ ಎನ್‌ಜಿಟಿ (ರಾಷ್ಟ್ರೀಯ ಹಸಿರು ನ್ಯಾಯಮಂಡಳಿ) ಕೂಡ ಆದೇಶ ಮಾಡಿದೆ, ತೆರೆದ ಜಾಗದಲ್ಲಿ ಕಸ ಸುಟ್ರೆ 5000 ರೂಪಾಯಿ ದಂಡ, ದೊಡ್ಡ ಮಟ್ಟದಲ್ಲಿ ಸುಟ್ರೆ 25000. ಹಿರಿಯರಿಗೆ ಕೆಲವೊಮ್ಮೆ ಸರ್ಕಾರದ ಹೆಸರು ಹೇಳಿದ್ರೆ ಮಾತ್ರ ನಾಟುದು. ನಮ್ಮ ಓಣಿಯಲ್ಲಿ ಒಬ್ರು ದಿನಾ ಸಂಜೆ ಸುಡ್ತಿದ್ರು, ಕಾರ್ಪೊರೇಶನಿನವರು ಬಂದು ಒಮ್ಮೆ ಎಚ್ಚರಿಕೆ ಕೊಟ್ಟು ಹೋದ ಮೇಲೆ ನಿಂತಿದೆ.

ಕಾರ್ಕಳ_ಕಡೆಯವಳು:

ಅಣ್ಣ, ಹೇಳಿದ್ದೇನೆ. "ನನ್ನ ಬಚ್ಚಲಿಗೆ ಪೊಲೀಸ್ ಬರ್ತಾರಾ" ಅಂತ ಕೇಳಿದ್ರು. ಮತ್ತೆ ಅಪ್ಪನ ಮೇಲೆ ಕಂಪ್ಲೇಂಟ್ ಕೊಡುದು ನನ್ನಿಂದ ಆಗುದಿಲ್ಲ.

ಪಡುಮನೆ:

ನಾನು ನಿಮ್ಮ ಅಪ್ಪನ ಪರವಾಗಿ ಎರಡು ಮಾತು ಹೇಳ್ತೇನೆ, ಬೇಜಾರು ಮಾಡ್ಬೇಡಿ. ನನಗೆ 64 ವರ್ಷ. ನಾವು ಸಣ್ಣದಿರುವಾಗ ಮನೆಯಲ್ಲಿ ಕಸ ಅಂತ ಇದ್ದದ್ದೇ ಎರಡು ಜಾತಿ, ಒಂದು ದನ ತಿನ್ನುವಂಥದ್ದು, ಇನ್ನೊಂದು ಒಲೆ ತಿನ್ನುವಂಥದ್ದು. ಎರಡಕ್ಕೂ ಆಗದ್ದು ತೆಂಗಿನ ಬುಡಕ್ಕೆ. ಅಂಗಳದಲ್ಲಿ ಒಂದು ಎಲೆ ಬಿದ್ರೂ ಅಮ್ಮ ಗುಡಿಸಿ ಒಲೆಗೆ ಹಾಕ್ತಿದ್ರು. ಸುಡುದು ಅಂದ್ರೆ ನಮಗೆ ಚೊಕ್ಕ ಮಾಡುದು. ಮಧ್ಯೆ ಈ ತೊಟ್ಟೆ ಬಂತು, ದನವೂ ತಿನ್ಬಾರ್ದು ಮಣ್ಣಿಗೂ ಹೋಗ್ಬಾರ್ದು, ಮತ್ತೆ ಉಳಿದದ್ದು ಒಲೆ ಒಂದೇ ಅಲ್ವಾ. ಸುಡುವವರು ಗಲೀಜಿನವರು ಅಂತ ನಿಮ್ಮ ಮಾತಲ್ಲಿ ಬಂದ್ರೆ ಅದು ನಮಗೆ ಕೆನ್ನೆಗೆ ಹೊಡೆದ ಹಾಗೆ ಆಗ್ತದೆ, ಯಾಕಂದ್ರೆ ನಾವು ಸುಡುದೇ ಗಲೀಜು ಆಗ್ಬಾರ್ದು ಅಂತ.

ಇನ್ನೊಂದು ವಿಷಯ. ಆ ಬಕೆಟಲ್ಲಿ ಇರುದರಲ್ಲಿ ಅಪ್ಪ ತಂದದ್ದು ಎಷ್ಟು, ನೀವು ಶನಿವಾರ ತಂದದ್ದು ಎಷ್ಟು ಅಂತ ಒಮ್ಮೆ ಲೆಕ್ಕ ಹಾಕಿ. ನನ್ನ ಮಕ್ಕಳು ಬೆಂಗಳೂರಿಂದ ಬಂದು ಹೋದ ಮೇಲೆ ನಮ್ಮಲ್ಲಿ ಒಂದು ಗೋಣಿ ಪ್ಲಾಸ್ಟಿಕ್ ಆಗ್ತದೆ.

ರಸಾಯನ_ಶಾಲೆ:

ನಾನು ಉಡುಪಿಯಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುದು. ಒಂದು ತಾಂತ್ರಿಕ ವಿಷಯ ಹೇಳ್ಬೇಕು, ಅದು ಒಪ್ಪಿಸುದಕ್ಕೂ ಸಂಬಂಧ ಪಟ್ಟದ್ದೇ.

ವಾಟ್ಸಾಪ್ ವಿಡಿಯೊದಲ್ಲಿ ಯಾವ ಪ್ಲಾಸ್ಟಿಕ್ ಸುಟ್ರೂ ಡಯಾಕ್ಸಿನ್ ಅನ್ನುವ ವಿಷ ಬರ್ತದೆ ಅಂತ ಹೇಳ್ತಾರೆ. ಅದು ಪೂರ್ತಿ ಸರಿ ಅಲ್ಲ. ಡಯಾಕ್ಸಿನ್ ಆಗ್ಲಿಕ್ಕೆ ಕ್ಲೋರಿನ್ ಬೇಕು, ಪ್ಲಾಸ್ಟಿಕಿನಲ್ಲಿ ಅದು ಹೆಚ್ಚಾಗಿ ಇರುದು ಪಿವಿಸಿಯಲ್ಲಿ, ಅಂದ್ರೆ ಪೈಪ್ ತುಂಡು, ವಯರಿನ ಮೇಲಿನ ಸಿಪ್ಪೆ, ರೆಕ್ಸಿನ್ ಇಂಥದ್ರಲ್ಲಿ. ಹಾಲಿನ ತೊಟ್ಟೆ ಪಾಲಿಥೀನ್, ಅದ್ರಲ್ಲಿ ಇರುದು ಕಾರ್ಬನ್ ಮತ್ತು ಹೈಡ್ರೋಜನ್. ಹಾಗಂತ ಅದನ್ನು ಸುಟ್ರೆ ಏನೂ ಆಗುದಿಲ್ಲ ಅಂತ ಅಲ್ಲ ಆಯ್ತಾ, ಒಲೆಯಲ್ಲಿ ಗಾಳಿ ಸಾಕಾಗದೆ ಅರ್ಧಂಬರ್ಧ ಉರಿದು ಮಸಿ, ಕಾರ್ಬನ್ ಮೊನಾಕ್ಸೈಡ್, ಕ್ಯಾನ್ಸರಿಗೆ ಕಾರಣ ಆಗುವ ಕೆಲವು ಹೈಡ್ರೋಕಾರ್ಬನ್‌ಗಳು ಎಲ್ಲ ಬರ್ತವೆ, ವೀಸಿಂಗ್ ಇರುವ ಮಗುವಿಗೆ ಆ ಮಸಿ ಒಂದೇ ಸಾಕು. ಆದ್ರೆ ನೀವು ಹಾಲಿನ ತೊಟ್ಟೆ ತೋರಿಸಿ ಡಯಾಕ್ಸಿನ್ ಅಂದು, ನಾಳೆ ಯಾರೋ ಗೊತ್ತಿದ್ದವರು "ಅದ್ರಲ್ಲಿ ಅದು ಬರುದಿಲ್ಲ" ಅಂತ ಅಪ್ಪನಿಗೆ ಹೇಳಿದ್ರೆ ಅಲ್ಲಿಗೆ ಮುಗೀತು, ನೀವು ಹೇಳಿದ ಉಳಿದ ನಿಜವೂ ಅದ್ರ ಒಟ್ಟಿಗೆ ಹೋಗ್ತದೆ. ಹೆದರಿಸ್ಲಿಕ್ಕೆ ಅಂತ ಸ್ವಲ್ಪ ಹೆಚ್ಚು ಹೇಳುದು ಉಂಟಲ್ಲ, ನಾನು ಕ್ಲಾಸಲ್ಲಿ ಒಮ್ಮೆ ಹಾಗೆ ಮಾಡಿ ಮಕ್ಕಳ ನಂಬಿಕೆ ಕಳ್ಕೊಂಡಿದ್ದೇನೆ, ವಾಪಸ್ ತರ್ಲಿಕ್ಕೆ ಒಂದು ವರ್ಷ ಬೇಕಾಯ್ತು.

ಒಂದು ಕೇಳ್ತೇನೆ. ಒಲೆಯ ಬೂದಿ ಎಲ್ಲಿಗೆ ಹೋಗ್ತದೆ ನಿಮ್ಮಲ್ಲಿ? ನಮ್ಮ ಕಡೆ ಬಸಳೆ ಬುಡಕ್ಕೆ, ಬೆಂಡೆ ಹರಿವೆಗೆ ಹಾಕುದು. ಸಿಪ್ಪೆ ಮಡಲಿನ ಬೂದಿ ಬಂಗಾರ, ಅದ್ರಲ್ಲಿ ಪೊಟ್ಯಾಶ್ ಉಂಟು. ಆದ್ರೆ ಪ್ಯಾಕೆಟಿನ ಬಣ್ಣ, ಒಳಗಿನ ಅಲ್ಯೂಮಿನಿಯಂ ಪದರ, ವಯರು ರೆಕ್ಸಿನಿನಲ್ಲಿ ಹಾಕುವ ಸೀಸದಂಥ ಲೋಹ ಇದು ಯಾವುದೂ ಹೊಗೆಯಲ್ಲಿ ಪೂರ್ತಿ ಹೋಗುದಿಲ್ಲ, ಬೂದಿಯಲ್ಲಿ ಕೂರ್ತದೆ. ಬೂದಿಯ ಬೆಲೆ ಗೊತ್ತಿರುವ ಮನುಷ್ಯನಿಗೆ ಕ್ಯಾನ್ಸರ್ ವಿಡಿಯೊಕ್ಕಿಂತ ಈ ಮಾತು ಹತ್ರ ಆಗ್ಬಹುದು.

ಮಾತು_ಬಲ್ಲವ:

ತಂಗಿ, ನಾನು ಕುಡಿತ ಬಿಡಿಸುವ ಕಡೆ ಕೌನ್ಸೆಲಿಂಗ್ ಕೆಲಸ ಮಾಡ್ತೇನೆ, 19 ವರ್ಷ ಆಯ್ತು. ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ಸ್ವಲ್ಪ ಉದ್ದ ಬರೀತೇನೆ.

ನೀವು ಮಾಡಿದ್ದೆಲ್ಲ ಪ್ರೀತಿಯಿಂದ ಮಾಡಿದ್ದು, ಅದು ಗೊತ್ತಾಗ್ತದೆ. ಆದ್ರೆ ವಿಡಿಯೊ, ಪೇಪರ್, ಬಕೆಟ್ ಅಡಗಿಸಿದ್ದು, ಬೊಬ್ಬೆ, ಎಲ್ಲದ್ರಲ್ಲೂ ನೀವು ಈ ಕಡೆ ಅಪ್ಪ ಆ ಕಡೆ. ನೀವು ಸುಡುದರ ವಿರುದ್ಧ ಒಂದು ಕಾರಣ ಹೇಳಿದಾಗ ಅಪ್ಪ ಸುಡುದರ ಪರವಾಗಿ ಒಂದು ಕಾರಣ ಹುಡುಕ್ಲೇಬೇಕು, ಇಲ್ಲದಿದ್ರೆ ಮಗಳ ಎದುರು ಸೋತ ಹಾಗೆ. ಹೀಗೆ ಹತ್ತು ಸಲ ಆದಾಗ ಅಪ್ಪ ತನ್ನ ಬಾಯಿಂದಲೇ ಹತ್ತು ಕಾರಣ ಹೇಳಿ ಆಗಿರ್ತದೆ, ಮನುಷ್ಯ ತಾನೇ ಹೇಳಿದ ಮಾತನ್ನು ಬೇರೆಯವರ ಮಾತಿಗಿಂತ ಹೆಚ್ಚು ನಂಬ್ತಾನೆ. ಅಂದ್ರೆ ಬಿಡಿಸ್ಲಿಕ್ಕೆ ಹೋಗಿ ನೀವೇ ಗಟ್ಟಿ ಮಾಡಿದ ಹಾಗಾಯ್ತು.

ಇದು ನನ್ನ ಅಂದಾಜು ಅಲ್ಲ. ವಿಲಿಯಂ ಮಿಲ್ಲರ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ, 1983ರಲ್ಲಿ ಕುಡಿತದವರ ಜೊತೆ ಮಾತಾಡುವ ಬೇರೆಯೇ ಒಂದು ರೀತಿ ಬರೆದಿಟ್ರು, ಆಮೇಲೆ ಸ್ಟೀಫನ್ ರೋಲ್ನಿಕ್ ಜೊತೆ ಸೇರಿ ಬೆಳೆಸಿದ್ರು, ಮೋಟಿವೇಶನಲ್ ಇಂಟರ್‌ವ್ಯೂವಿಂಗ್ ಅಂತ ಹೆಸರು. 1993ರಲ್ಲಿ ಮಿಲ್ಲರ್ ತಂಡ ಪ್ರಕಟಿಸಿದ ಒಂದು ಅಧ್ಯಯನ ಉಂಟು, ಕೌನ್ಸೆಲರ್ ಎಷ್ಟು ಎದುರು ಹಾಕ್ಕೊಂಡು ಮಾತಾಡಿದ್ರೋ ಒಂದು ವರ್ಷ ಬಿಟ್ಟು ನೋಡಿದಾಗ ಆ ಮನುಷ್ಯ ಅಷ್ಟೇ ಹೆಚ್ಚು ಕುಡೀತಾ ಇದ್ದ. ನಾನು ಅದನ್ನು ಓದುವ ಮೊದಲೇ ನನ್ನ ಕಣ್ಣಲ್ಲಿ ನೋಡಿದ್ದೆ, ಹೆಂಡತಿ ಅತ್ತೆ ಬಾವ ಎಲ್ಲ ಸುತ್ತ ಕೂತು ಬೈದು ಕರ್ಕೊಂಡು ಬಂದವ ಗೇಟು ದಾಟಿದ ಕೂಡ್ಲೆ ನೇರ ಬಾರಿಗೆ ಹೋಗ್ತಿದ್ದ.

ಹಾಗಾದ್ರೆ ಎಂತ ಮಾಡುದು? ಕೇಳುದು. ಪರೀಕ್ಷೆಗೆ ಕೇಳಿದ ಹಾಗೆ ಅಲ್ಲ, ನಿಜವಾಗ್ಲೂ ಗೊತ್ತಾಗ್ಲಿಕ್ಕೆ ಕೇಳುದು. ನಮ್ಮಲ್ಲಿ ಒಂದು ಪ್ರಶ್ನೆ ಉಂಟು, ಕುಡಿತ ಬಿಡುದು ನಿಮಗೆ ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಮುಖ್ಯ ಅಂತ. ಅವ "ಮೂರು" ಅಂತಾನೆ. ಹೊಸಬರು ಆಗ "ಬರೀ ಮೂರಾ, ಹತ್ತು ಯಾಕಲ್ಲ" ಅಂತ ಕೇಳ್ತಾರೆ, ಕೇಳಿದ್ರೆ ಅವ ಕುಡಿಯುದಕ್ಕೆ ಕಾರಣ ಹೇಳ್ಲಿಕ್ಕೆ ಶುರು ಮಾಡ್ತಾನೆ. ಕೇಳ್ಬೇಕಾದ್ದು "ಮೂರು ಯಾಕೆ, ಸೊನ್ನೆ ಯಾಕಲ್ಲ" ಅಂತ. ಆಗ ಅವ ಸ್ವಲ್ಪ ಹೊತ್ತು ಸುಮ್ಮನಿದ್ದು "ಅಲ್ಲ, ಮಗಳು ನೋಡ್ತಾಳೆ" ಅಂತಾನೆ. ಆ ಒಂದು ಮಾತು ನಾನು ನೂರು ಸಲ ಹೇಳಿದ್ರೂ ಆಗುವ ಕೆಲಸ ಅಲ್ಲ.

ಅಪ್ಪನ ಹತ್ರ ಅಂಕೆ ಸಂಖ್ಯೆ ಕೇಳ್ಬೇಡಿ, ಅದು ಅವರಿಗೆ ಸರಿ ಹೋಗುದಿಲ್ಲ. ಹೀಗೆ ಕೇಳಿ ನೋಡಿ: ಅಪ್ಪ, ನೀವು ಒಲೆಗೆ ಹಾಕದ್ದು ಯಾವುದಾದ್ರೂ ಉಂಟಾ? ಖಂಡಿತ ಇರ್ತದೆ. ಯಾಕೆ ಹಾಕುದಿಲ್ಲ ಅಂತ ಅವರೇ ಹೇಳ್ಲಿ. ಹೇಳಿದ್ದನ್ನು ತಿದ್ಬೇಡಿ, "ನೋಡಿ ನಾನು ಹೇಳಿರ್ಲಿಲ್ವಾ" ಅನ್ನುದು ಅಂತೂ ಬೇಡ್ವೇ ಬೇಡ.

ಮತ್ತೆ ಬೀಡಿ ವಿಷಯ ನೀವೇ ಬರೆದಿದ್ದೀರಿ, ಒಂದೇ ದಿನಕ್ಕೆ ಬಿಟ್ಟದ್ದು ಅಂತ. ಯಾರು ಹೇಳಿ ಬಿಟ್ಟದ್ದು ಅಂತ ಗೊತ್ತುಂಟಾ ನಿಮಗೆ? ಅದನ್ನೂ ಕೇಳಿ. ಆದ್ರೆ ಎಲ್ಲದಕ್ಕಿಂತ ಮೊದಲು ಆ ದಿನ ಬೊಬ್ಬೆ ಹಾಕಿದ್ದಕ್ಕೆ "ತಪ್ಪಾಯ್ತು ಅಪ್ಪ" ಅಂತ ಹೇಳಿ, ಅದರ ಬಾಲಕ್ಕೆ "ಆದ್ರೆ ನೀವೂ" ಅಂತ ಸೇರಿಸದೆ.

ವಂಡ್ಸೆ_ಹತ್ರದವ:

ಮೇಲಿನವರು ಹೇಳಿದ್ದು ಸರಿ, ಆದ್ರೆ ಮನಸ್ಸು ಬದಲಾದ ಮೇಲೆ ಕೈ ಎಲ್ಲಿಗೆ ಹೋಗ್ಬೇಕು ಅಂತ ಒಂದು ಜಾಗ ಬೇಕಲ್ಲ ಮಾರಾಯ್ರೆ. ನಾನು ಕುಂದಾಪುರ ಕಡೆ ಒಂದು ಪಂಚಾಯತಿನ ಒಣಕಸದ ಕೆಲಸದಲ್ಲಿ ಇರುವವ. ವಂಡ್ಸೆಯಲ್ಲಿ ಎಸ್‌ಎಲ್‌ಆರ್‌ಎಂ ಅಂತ ಕಸ ನಿರ್ವಹಣೆಯ ಘಟಕ ಮಾಡಿದ್ದು ನೀವು ಕೇಳಿರ್ಬಹುದು, ನಿಮ್ಮ ಕಾರ್ಕಳ ತಾಲೂಕಿನಲ್ಲೇ ನಿಟ್ಟೆಯಲ್ಲಿ ಒಣಕಸ ಬೇರ್ಪಡಿಸುವ ದೊಡ್ಡ ಘಟಕ ಉಂಟು.

ನಾವು ಶುರುವಿಗೆ ಮೈಕ್ ಕಟ್ಟಿ ಭಾಷಣ ಮಾಡಿದ್ದು, ಕರಪತ್ರ ಹಂಚಿದ್ದು. ಕರಪತ್ರವನ್ನೂ ಒಲೆಗೆ ಹಾಕಿದ್ರು. ಆಮೇಲೆ ಭಾಷಣ ಬಿಟ್ಟು ಸ್ವಸಹಾಯ ಸಂಘದ ಮೀಟಿಂಗಲ್ಲಿ ಸುಮ್ಮನೆ ಕೂತು ಕೇಳಿದೆವು, ತೊಟ್ಟೆ ಇಟ್ಕೊಳ್ಳಿಕ್ಕೆ ನಿಮಗೆ ಕಷ್ಟ ಎಂತದ್ದು ಅಂತ. ಆಗ ಬಂತು ನೋಡಿ. ಹಾಲಿನ ತೊಟ್ಟೆ ಇಟ್ರೆ ವಾಸನೆ ಬರ್ತದೆ, ಇರುವೆ ಮುತ್ತುತ್ತದೆ, ನಾಯಿ ಎಳೀತದೆ. ಕಸದ ಗಾಡಿ ಬರುವ ದಿನ ನಾವು ಗದ್ದೆಯಲ್ಲಿ ಇರ್ತೇವೆ. ಈಗ ಚಿಮಿಣಿ ಎಣ್ಣೆ ಸಿಗುದಿಲ್ಲ, ಮಳೆಗಾಲದಲ್ಲಿ ಸಿಪ್ಪೆ ಚಂಡಿ, ತೊಟ್ಟೆ ಇಲ್ಲದೆ ಬೆಂಕಿ ಹಿಡಿಯುದಿಲ್ಲ. ಒಬ್ರೂ "ಪರಿಸರ ನಮಗೆ ಬೇಡ" ಅಂತ ಹೇಳ್ಲಿಲ್ಲ. ಕಷ್ಟಗಳೆಲ್ಲ ಕೈಕಾಲಿನ ಮಟ್ಟದ್ದು, ನಾವು ಭಾಷಣ ಮಾಡಿದ್ದು ಮಾತ್ರ ತಲೆಗೆ. ಅಲ್ಲೇ ಅವರವರೇ ಮಾತಾಡಿ ಉಪಾಯ ಹೇಳಿದ್ರು, ಕೊನೆಗೆ ಯಾರ್ಯಾರು ಒಂದು ತಿಂಗಳು ಮಾಡಿ ನೋಡ್ತೀರಿ ಅಂತ ಕೇಳಿದಾಗ ಒಬ್ಬೊಬ್ರೇ ಕೈ ಎತ್ತಿದ್ರು.

ನಾನು ಎಂಎಸ್‌ಡಬ್ಲ್ಯು (ಸಮಾಜಕಾರ್ಯ) ಓದುವಾಗ ಕುರ್ಟ್ ಲೆವಿನ್ ಅಂತ ಒಬ್ರು ಮನಶ್ಶಾಸ್ತ್ರಜ್ಞರ ಪ್ರಯೋಗ ಪಾಠಕ್ಕಿತ್ತು, ಎರಡನೇ ಮಹಾಯುದ್ಧದ ಟೈಮಲ್ಲಿ ಅಮೆರಿಕದಲ್ಲಿ ಒಳ್ಳೆ ಮಾಂಸ ಸೈನ್ಯಕ್ಕೆ ಹೋಗ್ತಿತ್ತು, ಹಾಗಾಗಿ ಮನೆಯವರು ಹೃದಯ ಕಿಡ್ನಿ ಅಂಥದ್ದನ್ನು ಅಡಿಗೆ ಮಾಡ್ಬೇಕಿತ್ತು, ಅವರಿಗೆ ಅದು ಅಸಹ್ಯ. ಕೆಲವು ಗುಂಪಿಗೆ ಚಂದದ ಉಪನ್ಯಾಸ ಕೊಟ್ರು, ಕೇಳಿದವರಲ್ಲಿ 3 ಶೇಕಡಾ ಜನ ಮಾತ್ರ ಅಡಿಗೆ ಮಾಡಿದ್ದು. ಬೇರೆ ಗುಂಪಿಗೆ "ನಿಮ್ಮ ಹಾಗಿನ ಗೃಹಿಣಿಯರಿಗೆ ಇದ್ರಲ್ಲಿ ಕಷ್ಟ ಎಂತದ್ದು" ಅಂತ ಅವರವರಲ್ಲೇ ಚರ್ಚೆ ಮಾಡ್ಲಿಕ್ಕೆ ಬಿಟ್ಟು ಕೊನೆಗೆ ಕೈ ಎತ್ತಿಸಿದ್ರು, ಅಲ್ಲಿ 32 ಶೇಕಡಾ. ಓದುವಾಗ ಪರೀಕ್ಷೆಗೆ ಅಂತ ಬಾಯಿಪಾಠ ಮಾಡಿದ್ದು, ಆ ಸಂಘದ ಮೀಟಿಂಗಿಂದ ಬೈಕಲ್ಲಿ ವಾಪಸ್ ಬರುವಾಗ ನೆನಪಾಗಿ ಮೈ ಜುಮ್ಮಂತು.

ನಿಮ್ಮ ಮನೆಗೆ ಹೇಳುದಾದ್ರೆ, ಹಾಲಿನ ತೊಟ್ಟೆಯ ಮೂಲೆ ಪೂರ್ತಿ ಕತ್ತರಿಸ್ಬೇಡಿ ಅಂತ ಅಮ್ಮನಿಗೆ ಹೇಳಿ, ಸ್ವಲ್ಪ ಅಂಟಿಕೊಂಡೇ ಇರ್ಲಿ, ಆ ಸಣ್ಣ ತುಂಡು ನಮಗೆ ಹೆಕ್ಕಲಿಕ್ಕೆ ಸಿಗುದೇ ಇಲ್ಲ. ಕಾಲು ಲೋಟ ನೀರು ಹಾಕಿ ಕಲಕಿ ಆ ನೀರನ್ನು ದನಕ್ಕೋ ಕರಿಬೇವಿನ ಬುಡಕ್ಕೋ ಹಾಕಿ, ತೊಟ್ಟೆಯನ್ನು ಬಟ್ಟೆ ಹಗ್ಗಕ್ಕೆ ಕ್ಲಿಪ್ ಹಾಕಿ. ಒಣಗಿದ್ರೆ ವಾಸನೆ ಇಲ್ಲ, ಇರುವೆ ಇಲ್ಲ. ಒಲೆ ಹೊತ್ತಿಸ್ಲಿಕ್ಕೆ ಒಣಗಿದ ಹೊಂಬಾಳೆ ಸೀಳಿ ಕಟ್ಟು ಮಾಡಿ ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟುಬಿಡಿ, ಮಳೆಗಾಲಕ್ಕೂ ಬರ್ತದೆ. ಬೆಳಿಗ್ಗೆ ಐದೂವರೆಗೆ ಅಪ್ಪನ ಕೈಗೆ ತೊಟ್ಟೆಯ ಬಕೆಟ್‌ಗಿಂತ ಹತ್ರ ಹೊಂಬಾಳೆ ಸಿಕ್ಬೇಕು.

ಸಾಧ್ಯ ಆದ್ರೆ ಒಮ್ಮೆ ಘಟಕ ನೋಡ್ಲಿಕ್ಕೆ ಕರ್ಕೊಂಡು ಹೋಗಿ. ಹಿರಿಯರಿಗೆ ಒಂದು ಅನುಮಾನ ಇರ್ತದೆ, ನಾವು ಒಳ್ಳೆದು ಮಾಡಿ ಕೊಟ್ರೂ ಇವರು ಕೊಂಡೋಗಿ ಎಲ್ಲೋ ಗುಂಡಿಗೆ ಸುರೀತಾರೆ ಅಂತ. 2019ರ ಆಗಸ್ಟಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಮಳೆಗೆ ಜಾರಿ ಮಂದಾರ ಅನ್ನುವ ಊರಿನ ಮನೆ ತೋಟ ಮುಚ್ಚಿದ್ದನ್ನು ಟಿವಿಯಲ್ಲಿ ನೋಡಿದವರಿಗೆ ಆ ಅನುಮಾನ ಬರುದರಲ್ಲಿ ತಪ್ಪೂ ಇಲ್ಲ. ಅದನ್ನು ಬಾಯಲ್ಲಿ ತೆಗೀಲಿಕ್ಕೆ ಆಗುದಿಲ್ಲ, ಕಣ್ಣಲ್ಲೇ ತೆಗೀಬೇಕು. ಬಿಸ್ಕೆಟ್ ಪ್ಯಾಕೆಟಿನಂಥದ್ದನ್ನು ಕೊನೆಗೆ ಸುಡುದೇ, ಆದ್ರೆ ಸಿಮೆಂಟ್ ಫ್ಯಾಕ್ಟರಿಯ ಗೂಡಲ್ಲಿ, 1400 ಡಿಗ್ರಿ ಮೇಲೆ. ಬಚ್ಚಲೊಲೆಗೆ ಅಷ್ಟು ಬಿಸಿ ಇಲ್ಲ ಅಂತ ಹೇಳಿದ್ರೆ ಹೆಚ್ಚಿನವರು ಒಪ್ತಾರೆ, ಒಲೆಯನ್ನು ದಿನಾ ನೋಡುವವರಲ್ವಾ.

ಮಂಗಳಾದೇವಿ_ವಾರ್ಡ್:

ಸ್ವಲ್ಪ ಬೇರೆ ಉದಾಹರಣೆ, ಆದ್ರೆ ಇದೇ ವಿಷಯ. ನಮ್ಮ ರಸ್ತೆ ಮೂಲೆಯಲ್ಲಿ "ಇಲ್ಲಿ ಕಸ ಹಾಕಬೇಡಿ" ಅಂತ ಬೋರ್ಡ್ ಇತ್ತು, ಬೋರ್ಡಿನ ಬುಡದಲ್ಲೇ ಕಸ. ಅದನ್ನು ನೋಡಿದವರಿಗೆ ಗೊತ್ತಾಗುದು ಒಂದೇ, ಇಲ್ಲಿ ಎಲ್ಲರೂ ಹಾಕ್ತಾರೆ ಅಂತ. ಅಮೆರಿಕದ ಅರಿಜೋನಾದಲ್ಲಿ ಕಲ್ಲಾಗಿ ಹೋದ ಮರಗಳ ಒಂದು ಪಾರ್ಕ್ ಉಂಟು, ಅಲ್ಲಿ ರಾಬರ್ಟ್ ಚಾಲ್ಡೀನಿ ಅನ್ನುವ ಮನಶ್ಶಾಸ್ತ್ರಜ್ಞರ ತಂಡ ಬೋರ್ಡ್ ಬದಲಿಸಿ ನೋಡಿದ್ರು. "ತುಂಬಾ ಜನ ಕಲ್ಲುಮರ ಕದ್ದು ಪಾರ್ಕ್ ಹಾಳಾಗಿದೆ" ಅನ್ನುವ ಅರ್ಥದ್ದು ಹಾಕಿದಾಗ ಗುರುತು ಮಾಡಿ ಇಟ್ಟ ತುಂಡುಗಳಲ್ಲಿ ಹತ್ರ ಹತ್ರ 8 ಶೇಕಡಾ ಹೋಯ್ತು, "ದಯವಿಟ್ಟು ತೆಗೀಬೇಡಿ" ಅಂತ ಮಾತ್ರ ಇದ್ದಾಗ 2 ಶೇಕಡಾಕ್ಕಿಂತ ಕಡಿಮೆ.

ಇಲ್ಲಿ ರಾಮಕೃಷ್ಣ ಮಿಷನಿನವರು 2015ರಲ್ಲಿ ಸ್ವಚ್ಛ ಮಂಗಳೂರು ಅಂತ ಭಾನುವಾರದ ಶ್ರಮದಾನ ಶುರು ಮಾಡಿದ್ರಲ್ಲ, ನಾನು ಕೆಲವು ವಾರ ಹೋಗಿದ್ದೇನೆ. ಕಸದ ಮೂಲೆ ಗುಡಿಸಿ ಗೋಡೆಗೆ ಬಣ್ಣ ಹೊಡೆದು ಗಿಡ ಇಟ್ಟ ಜಾಗಕ್ಕೆ ಕಸ ಹಿಡ್ಕೊಂಡು ಬಂದವರು ಒಂದು ಕ್ಷಣ ನಿಂತು ವಾಪಸ್ ಹೋಗುದನ್ನು ಕಣ್ಣಾರೆ ನೋಡಿದ್ದೇನೆ. ಯಾರೂ ಬೈದಿರ್ಲಿಲ್ಲ ಅವರಿಗೆ. ಅಕ್ಕ, ಅಪ್ಪನ ಹತ್ರ "ಊರಲ್ಲಿ ಎಲ್ಲರೂ ಹೀಗೇ ಸುಡ್ತಾರೆ, ಯಾರೂ ಕೇಳುದಿಲ್ಲ" ಅಂತ ಗೋಳು ಹೇಳ್ಬೇಡಿ, ಕೇಳಿದವರಿಗೆ ಅದು ಧೈರ್ಯ ಕೊಡ್ತದೆ. ನಿಮ್ಮ ಹತ್ರದ ಯಾವುದಾದ್ರೂ ಮನೆಯವರು ಗಾಡಿಗೆ ಕೊಡ್ತಿದ್ರೆ ಆ ಸುದ್ದಿ ಹೇಳಿ.

ಕಾರ್ಕಳ_ಕಡೆಯವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಡುಮನೆಯವರೇ, ನೀವು ಹೇಳಿದ ಲೆಕ್ಕ ಹಾಕಿದೆ, ಮುಕ್ಕಾಲು ಭಾಗ ನಮ್ಮದೇ. ನನಗೆ ಇದು ಹೊಳ್ದೇ ಇರ್ಲಿಲ್ಲ. ಈ ಶನಿವಾರ ಹೋಗ್ತೇನೆ, ಹೋಗಿ ಬಂದು ಹೇಳ್ತೇನೆ.

ಕಾರ್ಕಳ_ಕಡೆಯವಳು: (ಐದು ವಾರ ಬಿಟ್ಟು)

ತಡ ಆಯ್ತು, ಕ್ಷಮಿಸಿ. ಮೂರು ಸಲ ಊರಿಗೆ ಹೋಗಿ ಬಂದೆ, ಮೂರೂ ಸಲದ್ದು ಒಟ್ಟಿಗೆ ಬರೀತೇನೆ.

ಮೊದಲನೇ ಸಲ ತೊಟ್ಟೆಯ ಸುದ್ದಿಯೇ ತೆಗೀಲಿಲ್ಲ. ಶನಿವಾರ ಸಂಜೆ ಚಾವಡಿಯಲ್ಲಿ ಅಪ್ಪ ಅಡಿಕೆ ಸುಲಿಯುವಾಗ ನಾನೂ ಮೆಟ್ಟುಕತ್ತಿ ತಗೊಂಡು ಕೂತೆ, ತಪ್ಪಾಯ್ತು ಅಪ್ಪ ಅಂದೆ. ಅವರು ಏನೂ ಹೇಳ್ಲಿಲ್ಲ, ಸ್ವಲ್ಪ ಹೊತ್ತು ಬಿಟ್ಟು "ಅಡಿಕೆ ಹಾಗೆ ಹಿಡಿಯುದಲ್ಲ, ಕೈ ಹೋಗ್ತದೆ" ಅಂತ ತೋರಿಸಿ ಕೊಟ್ರು. ಮೂರು ವಾರದಲ್ಲಿ ನನಗೆ ನೇರ ಹೇಳಿದ ಮೊದಲ ಮಾತು ಅದು.

ಎರಡನೇ ಸಲ ಕೇಳಿದೆ. ಒಲೆಗೆ ನೀವು ಹಾಕದ್ದು ಯಾವುದಾದ್ರೂ ಉಂಟಾ ಅಂತ. ಕೇಳುವಾಗ ನನ್ನ ಎದೆ ಹೊಡ್ಕೊಳ್ತಾ ಇತ್ತು, ಪುನಃ ಜಗಳ ಆಗ್ತದಾ ಅಂತ. ಅಪ್ಪ ಆರಾಮದಲ್ಲಿ ಹೇಳಿದ್ರು, ವಯರು ಹಾಕುದಿಲ್ಲ, ರಬ್ಬರ್ ಹಾಕುದಿಲ್ಲ, ತಲೆ ಸಿಡೀತದೆ ಆ ವಾಸನೆಗೆ ಅಂತ. ನಾನು ಹೂಂ ಅಂದೆ ಅಷ್ಟೆ. ಮತ್ತೆ ಅವರೇ ಮುಂದುವರಿಸಿದ್ರು. "ತೊಟ್ಟೆ ಸುಡ್ಲಿಕ್ಕೆ ನನಗೆ ಖುಷಿ ಅಂತ ತಿಳ್ಕೊಂಡಿದ್ದೀಯಾ? ನಿನಗೆ ಗೌರಿ ನೆನಪುಂಟಾ?"

ಗೌರಿ ನಮ್ಮ ದನ. ನಾನು ಪಿಯುಸಿಗೆ ಮಂಗಳೂರಲ್ಲಿ ಹಾಸ್ಟೆಲಲ್ಲಿ ಇರುವಾಗ ಸತ್ತದ್ದು, ನನಗೆ ಫೋನಲ್ಲಿ ಜ್ವರ ಬಂದು ಹೋಯ್ತು ಅಂತ ಹೇಳಿದ್ರು. ಜ್ವರ ಅಲ್ಲ. ಹೊಟ್ಟೆ ಉಬ್ಬಿ ನಾಲ್ಕು ದಿನ ನರಳಿ ಸತ್ತದ್ದು, ಡಾಕ್ಟ್ರು ಹೊಟ್ಟೆ ಕೊಯ್ದು ನೋಡಿದಾಗ ಒಳಗೆ ಮುದ್ದೆ ಮುದ್ದೆ ತೊಟ್ಟೆ. ಪರೀಕ್ಷೆ ಹತ್ರ ಇತ್ತು ಅಂತ ನನಗೆ ಹೇಳ್ಲಿಲ್ಲವಂತೆ. ಆಮೇಲೆ ಅಪ್ಪ ಗೇಟಿಂದ ಬಸ್‌ಸ್ಟ್ಯಾಂಡ್ ತನಕ ದಾರಿಯಲ್ಲಿ ಕಂಡ ತೊಟ್ಟೆಯನ್ನೆಲ್ಲ ಹೆಕ್ಕಿ ತಂದು ಸುಡ್ತಾ ಇದ್ದದ್ದು. ಬಕೆಟಲ್ಲಿ ನಮ್ಮ ಮನೆಗೆ ಬಾರದ ಬ್ರಾಂಡಿನ ಪ್ಯಾಕೆಟ್ ಎಲ್ಲ ಯಾಕಿತ್ತು ಅಂತ ನನಗೆ ಆಗ ಗೊತ್ತಾಯ್ತು. ಹದಿನೇಳು ವರ್ಷ. ಆ ಬಾಗಿಲಲ್ಲಿ ನಿಂತು ನಾನು ಎಂತ ಕೇಳಿದ್ದೆ ಅಂತ ನೆನಪಾಗಿ ಅಡಿಕೆ ಸುಲೀಲಿಕ್ಕೆ ಆಗ್ಲಿಲ್ಲ, ಎದ್ದು ಒಳಗೆ ಹೋಗಿ ಅತ್ತೆ.

ವಾಪಸ್ ಬಂದು ಕೂತಾಗ ಅಪ್ಪನೇ ಕೇಳಿದ್ರು, "ಮತ್ತೆ ಎಲ್ಲಿ ಹಾಕುದು ಹೇಳು. ಗಾಡಿಯವರಿಗೆ ಕೊಟ್ರೆ ಅವರು ಇನ್ನೊಬ್ಬರ ದನದ ಎದುರು ಸುರಿಯುದಿಲ್ಲ ಅಂತ ಎಂತ ಗ್ಯಾರಂಟಿ?" ನನ್ನ ಹತ್ರ ಗ್ಯಾರಂಟಿ ಇರ್ಲಿಲ್ಲ. ನೋಡ್ಲಿಕ್ಕೆ ಹೋಗುವಾ ಅಂದೆ.

ಮೂರನೇ ಸಲ ಒಂದು ದಿನ ರಜೆ ಹಾಕಿ ಹೋದೆ, ಘಟಕಕ್ಕೆ ಕರ್ಕೊಂಡು ಹೋದೆ. ಅಲ್ಲಿ ಕೆಲಸ ಮಾಡುವ ಹೆಂಗಸರು ಹಾಲಿನ ತೊಟ್ಟೆ ಬೇರೆ, ಬಣ್ಣದ ಪ್ಯಾಕೆಟ್ ಬೇರೆ, ಬಾಟ್ಲಿ ಬೇರೆ ಅಂತ ವಿಂಗಡಿಸ್ತಾ ಇದ್ರು, ಒಂದು ಕಡೆ ಒತ್ತಿ ಕಟ್ಟಿದ ದೊಡ್ಡ ದೊಡ್ಡ ಬೇಲು. ನಾನು ಬಾಯಿ ಮುಚ್ಚಿಕೊಂಡು ಹಿಂದೆ ನಿಂತೆ. ಅಪ್ಪ ಅರ್ಧ ಗಂಟೆ ಪ್ರಶ್ನೆ ಕೇಳಿದ್ರು, ಇದು ಎಲ್ಲಿಗೆ ಹೋಗ್ತದೆ, ಕೇಜಿಗೆ ಎಷ್ಟು, ಲಾರಿ ಯಾವಾಗ ಬರ್ತದೆ, ಚಂಡಿ ಆದ್ರೆ ಎಂತ ಮಾಡ್ತೀರಿ. ಒಬ್ಬರು ಹೆಂಗಸು "ತೊಳ್ದು ಕೊಟ್ರೆ ನಮಗೆ ಕೈಗೆ ವಾಸನೆ ಇಲ್ಲ ಅಣ್ಣ" ಅಂತ ಹೇಳಿದ್ರು. ಬರುವಾಗ ಕಾರಲ್ಲಿ ಅಪ್ಪ ಆ ಮಾತನ್ನೇ ಎರಡು ಸಲ ಹೇಳಿದ್ರು, "ಪಾಪ, ಕೈಯಲ್ಲೇ ಹೆಕ್ತಾರೆ" ಅಂತ.

ಈಗ ಕೊಟ್ಟಿಗೆ ಬದಿಯಲ್ಲಿ ಎರಡು ಗೋಣಿ ನೇತಾಡ್ತಾ ಉಂಟು. ಹಾಲಿನ ತೊಟ್ಟೆ ತೊಳ್ದು ಹಗ್ಗಕ್ಕೆ ಹಾಕುದು ಅಪ್ಪನದ್ದೇ ಡ್ಯೂಟಿ, ಅಮ್ಮ ಮೂಲೆ ಪೂರ್ತಿ ಕತ್ತರಿಸಿದ್ರೆ ಅಪ್ಪ ಬೈತಾರಂತೆ. ಹೊಂಬಾಳೆ ಕಟ್ಟು ಅಟ್ಟದಲ್ಲಿ ಉಂಟು. ಬೂದಿಯ ವಿಷಯ ನಾನು ಹೇಳ್ಬೇಕು ಅಂತ ಇದ್ದೆ, ಅಷ್ಟರಲ್ಲಿ ಅಮ್ಮನೇ ಹೇಳಿ ಆಗಿತ್ತು, ಬಸಳೆಗೆ ಇನ್ನು ಧೈರ್ಯದಲ್ಲಿ ಹಾಕ್ಬಹುದು ಅಂತ. ನಾವು ತಂದ ಪ್ಯಾಕೆಟ್ ಎಲ್ಲ ನಾವೇ ವಾಪಸ್ ಮಂಗಳೂರಿಗೆ ತರ್ತೇವೆ.

ಪೂರ್ತಿ ನಿಂತಿಲ್ಲ, ಅದನ್ನೂ ಹೇಳ್ಬೇಕು. ಮೂರನೇ ಸಲ ಹೋದಾಗ ರಾತ್ರಿ ಇಡೀ ಮಳೆ, ಬೆಳಿಗ್ಗೆ ಅದೇ ವಾಸನೆ ಬಂತು. ನಾನು ಎದ್ದು ಕಿಟಕಿ ಹಾಕಿದೆ, ಏನೂ ಹೇಳ್ಲಿಲ್ಲ. ತಿಂಡಿಗೆ ಕೂತಾಗ ಅಪ್ಪನೇ "ಇವತ್ತು ಎಲ್ಲ ಚಂಡಿ ಆಗಿತ್ತು, ಎರಡು ತೊಟ್ಟೆ ಹಾಕಿದೆ" ಅಂದ್ರು. ಆ ದಿನವೇ ಅಟ್ಟಕ್ಕೆ ಒಂದು ತಗಡು ಹೊಡೆದ್ರು.

ಬೀಡಿ ಯಾಕೆ ಬಿಟ್ಟದ್ದು ಅಂತಲೂ ಕೇಳಿದೆ. ಯಾರೂ ಹೇಳಿದ್ದಲ್ಲವಂತೆ. ಮಗ ಹುಟ್ಟಿದಾಗ ಎತ್ಕೊಳ್ಳುವ ಮೊದಲು ಕೈ ಮೂಸಿ ನೋಡಿದ್ರಂತೆ.

ವಂಡ್ಸೆ ಹತ್ರದವರೇ, ಒಂದು ಸಹಾಯ ಬೇಕು. ನಿನ್ನೆ ಅಪ್ಪ ಅವರಾಗಿಯೇ ನನಗೆ ಫೋನ್ ಮಾಡಿದ್ರು, ಗೋಣಿ ಹೊತ್ಕೊಂಡು ಮೇನ್ ರೋಡಿಗೆ ಹೋಗಿ ಒಂದು ಗಂಟೆ ನಿಂತ್ರಂತೆ, ಈ ಮಂಗಳವಾರ ಗಾಡಿ ಬರ್ಲೇ ಇಲ್ಲ. "ಯಾರಿಗೆ ಹೇಳ್ಬೇಕು ಕೇಳಿ ಹೇಳು" ಅಂತ ಕೋಪದಲ್ಲಿ ಇದ್ದಾರೆ. ಯಾರಿಗೆ ಹೇಳುದು?

ವಂಡ್ಸೆ_ಹತ್ರದವ:

ಪಂಚಾಯತಿನ ಪಿಡಿಒಗೆ ಇವತ್ತೇ ಫೋನ್ ಮಾಡ್ಲಿಕ್ಕೆ ಹೇಳಿ, ನೀವಲ್ಲ, ಅಪ್ಪನೇ ಮಾಡ್ಲಿ. ವಾರ್ಡಿನ ಮೆಂಬರಿಗೂ ಒಂದು ಮಾತು ಹೇಳ್ಲಿ. ಎರಡು ವಾರ ಗಾಡಿ ತಪ್ಪಿದ್ರೆ ಜನ ಪುನಃ ಒಲೆಗೆ ಹಾಕ್ತಾರೆ, ನಾವು ಅದನ್ನು ಎಷ್ಟೋ ಕಡೆ ನೋಡಿದ್ದೇವೆ, ಹಾಗಾಗಿ ಬಿಡ್ಬೇಡಿ. ಗೋಣಿಯನ್ನು ಮಳೆ ತಾಗದ ಹಾಗೆ ಇಟ್ಟಿರ್ಲಿ, ಮುಂದಿನ ಮಂಗಳವಾರ ಎರಡೂ ಒಟ್ಟಿಗೆ ಕೊಡ್ಲಿ.